ಹಲ್ಲರ್ ನಿಲ್ಲಿಸುವಾಗಲೇ ಮಹಡಿ ಹೆಚ್ಚು ನಡುಗುವುದೇಕೆ?

ನಿಮ್ಮ ಪ್ರಶ್ನೆ ಇಷ್ಟು: ಸಿದ್ದಾಪುರದ ಹತ್ತಿರದ ತೋಟದಲ್ಲಿ ಕಾಫಿ ಗೋದಾಮಿನ ಮಹಡಿ ಮೇಲೆ 800 ಆರ್‌ಪಿಎಂ (ನಿಮಿಷಕ್ಕೆ 800 ಸುತ್ತು) ಹಲ್ಲರ್, ಅಂದರೆ ಕಾಫಿಯ ಸಿಪ್ಪೆ ಬಿಡಿಸುವ ಯಂತ್ರ ಇದೆ. ಭಾರಕ್ಕೆ ತೊಲೆ ನಡುವೆ 4 ಮಿ.ಮೀ. ಬಾಗಿದೆ. ಪೂರ್ತಿ ವೇಗದಲ್ಲಿ ಓಡುವಾಗ ಅಷ್ಟೇನೂ ಇಲ್ಲ, ಸ್ವಿಚ್ ಆಫ್ ಮಾಡಿದ ಮೇಲೆ ಹೆಂಚು ಉದುರುವಂತೆ ನಡುಗುತ್ತದೆ. ತೊಲೆಗೆ ಇನ್ನೊಂದು ಕಬ್ಬಿಣದ ತೊಲೆ ಜೋಡಿಸಲೇ?

ಸದ್ಯಕ್ಕೆ ಬೇಡ. ನಡುಕ ಹೆಚ್ಚಾಗಬಹುದು.

ಪ್ರತಿ ಮಹಡಿಗೂ ತನ್ನದೇ ಒಂದು ಸಹಜ ಕಂಪನಾಂಕ ಇರುತ್ತದೆ, ಅಂದರೆ ಒಮ್ಮೆ ಕುಕ್ಕಿ ಬಿಟ್ಟರೆ ಅದು ತಾನಾಗಿ ಸೆಕೆಂಡಿಗೆ ಎಷ್ಟು ಸಲ ಅಲುಗುತ್ತದೆ ಎಂಬುದು. ಭಾರಕ್ಕೆ ತೊಲೆಯ ನಡುಭಾಗ ಎಷ್ಟು ಮಿಲಿಮೀಟರ್ ಬಾಗಿದೆಯೋ ಅದರ ವರ್ಗಮೂಲದಿಂದ 18ನ್ನು ಭಾಗಿಸಿದರೆ ಅಂದಾಜು ಸಿಗುತ್ತದೆ. ನೀವು ಹೇಳಿದ 4 ಮಿ.ಮೀ.ಗೆ 9 ಹರ್ಟ್ಜ್ (ಸೆಕೆಂಡಿಗೆ 9 ಸಲ), ಅಂದರೆ ನಿಮಿಷಕ್ಕೆ 540. ಯಂತ್ರದ 800 ಎಂದರೆ 13.3 ಹರ್ಟ್ಜ್. ಪ್ರತಿ ಸಲ ನಿಲ್ಲುವಾಗಲೂ ಅದು 540ನ್ನು ದಾಟಲೇಬೇಕು. ಶುರುವಿನಲ್ಲಿ ಮೋಟಾರ್ ಎಳೆದುಕೊಂಡು ಬೇಗ ದಾಟಿಸುತ್ತದೆ. ಆಫ್ ಮಾಡಿದಾಗ ನಿಧಾನಕ್ಕೆ ಇಳಿಯುವುದರಿಂದ ಆ ವೇಗದ ಆಸುಪಾಸಿನಲ್ಲಿ ಹೆಚ್ಚು ಹೊತ್ತು ಇರುತ್ತದೆ, ಅನುರಣನ (ಎರಡರ ತಾಳ ಕೂಡಿದಾಗ ಅಲುಗಾಟ ಏರುತ್ತಾ ಹೋಗುವುದು) ಬೆಳೆಯಲು ಸಮಯ ಸಿಗುತ್ತದೆ. ಅಲುಗಾಟವನ್ನು ತಗ್ಗಿಸುವ ತಡೆ (ಡ್ಯಾಂಪಿಂಗ್) ಶೇ. 3ರಷ್ಟು ಮಾತ್ರ ಇರುವ ಮಹಡಿಯಲ್ಲಿ ಯಂತ್ರ ಅದೇ ವೇಗದಲ್ಲೇ ಓಡುತ್ತಿದ್ದರೆ, ಅಷ್ಟೇ ಬಲ ಸುಮ್ಮನೆ ಒತ್ತಿದಾಗ ಬಾಗುವುದರ ಸುಮಾರು 17 ಪಟ್ಟು ಅಲುಗಾಟ.

ಈಗ ತೊಲೆಯ ಬಿಗಿತವನ್ನು ಎರಡರಷ್ಟು ಮಾಡಿದಿರಿ ಅಂದುಕೊಳ್ಳಿ. ಕಂಪನಾಂಕ 1.41 ಪಟ್ಟು ಏರಿ 12.7 ಹರ್ಟ್ಜ್, ಅಂದರೆ 760 ಆರ್‌ಪಿಎಂ ಆಗುತ್ತದೆ. ನಿಮ್ಮ ಹಲ್ಲರ್ ದಿನವಿಡೀ ಓಡುವುದು ಅದರ ಪಕ್ಕದಲ್ಲೇ! ಬಿಗಿ ಮಾಡುವುದೇ ಆದರೆ ಅರ್ಧಂಬರ್ಧ ಬೇಡ. ತೊಲೆಯ ಸರಿ ನಡುವೆ ಕೆಳಗಿನಿಂದ ಒಂದು ಕಂಬ ಕೊಡಿ. ಆಧಾರಗಳ ನಡುವಿನ ಅಂತರ ಅರ್ಧವಾದರೆ ಕಂಪನಾಂಕ ನಾಲ್ಕು ಪಟ್ಟಿನ ಹತ್ತಿರ ಹೋಗುತ್ತದೆ. ಕಂಬಕ್ಕೆ ಗಟ್ಟಿ ಮಣ್ಣಿನವರೆಗೆ ಸ್ವಂತ ಪಾಯ ಇರಲಿ. ಬರೀ ನೆಲಹಾಸಿನ ಮೇಲೆ ನಿಲ್ಲಿಸಿದರೆ ನಮ್ಮ ಆಷಾಢದ ಮಳೆಗೆ ಮಣ್ಣು ಕುಸಿದು ಕಂಬದ ತಲೆ ತೊಲೆಯಿಂದ ಸಡಿಲವಾಗುತ್ತದೆ, ಆಮೇಲೆ ಅದು ಇದ್ದೂ ಇಲ್ಲದಂತೆ.

ಅಂಗಡಿಯಲ್ಲಿ ಕೊಡುವ ತೆಳು ರಬ್ಬರ್ ಹಾಳೆ ಕೆಲಸಕ್ಕೆ ಬಾರದು. ಯಂತ್ರದ ಭಾರಕ್ಕೆ 1 ಮಿ.ಮೀ. ಮಾತ್ರ ಕುಗ್ಗುವ ರಬ್ಬರ್ ಮೇಲೆ ಯಂತ್ರದ ಸ್ವಂತ ಕಂಪನಾಂಕ 16 ಹರ್ಟ್ಜ್ ಹತ್ತಿರ ಬರುತ್ತದೆ, 13.3ಕ್ಕೆ ಅದು ನಡುಕವನ್ನು ಹೆಚ್ಚಿಸುತ್ತದೆ. ಉಪಯೋಗ ಆಗಬೇಕಾದರೆ 13 ಮಿ.ಮೀ.ನಷ್ಟು ಕುಗ್ಗಬೇಕು, ಅದು ಸ್ಪ್ರಿಂಗ್‌ನ ಕೆಲಸ.

ಖರ್ಚಿಗೆ ಮೊದಲು ಬೆಲ್ಟ್ ಕಳಚಿ ಪುಲ್ಲಿ, ಬೇರಿಂಗ್, ಅಡಿ ಬೋಲ್ಟ್ ನೋಡಿ. ಆಕ್ಸಲ್‌ನಿಂದ 1 ಸೆಂ.ಮೀ. ದೂರದಲ್ಲಿ 1 ಕೆಜಿ ಅಸಮತೋಲ ಇದ್ದರೂ 800ರಲ್ಲಿ ಸುಮಾರು 7 ಕೆಜಿಯಷ್ಟು ಬಲ ಸುತ್ತುತ್ತಾ ಗುದ್ದುತ್ತದೆ. ವೇಗ ಎರಡರಷ್ಟಾದರೆ ಅದು ನಾಲ್ಕರಷ್ಟು.

ಲೆಕ್ಕ ಸರಿಯೇ ಎಂದು ತಿಳಿಯಲು ಫೋನಿನ ಸೆನ್ಸರ್‌ಗಳಿಂದಲೇ ಕಂಪನ ಅಳೆಯುವ ಫೈಫಾಕ್ಸ್ (phyphox) ಆ್ಯಪ್ ಹಾಕಿ. ಯಂತ್ರ ನಿಂತಿರುವಾಗ ಫೋನನ್ನು ಮಹಡಿ ನಡುವೆ ಇಟ್ಟು, ಪಕ್ಕದಲ್ಲಿ ಹಿಮ್ಮಡಿ ಎತ್ತಿ ಕುಕ್ಕಿ. ವೇಗೋತ್ಕರ್ಷದ ಸ್ಪೆಕ್ಟ್ರಮ್‌ನಲ್ಲಿ (ಯಾವ ಕಂಪನಾಂಕದಲ್ಲಿ ಎಷ್ಟು ಅಲುಗಾಟ ಎಂದು ತೋರಿಸುವ ನಕ್ಷೆ) ಏಳುವ ದೊಡ್ಡ ಶಿಖರವೇ ಮಹಡಿಯ ಕಂಪನಾಂಕ. ಚೀಲ ತುಂಬಿದಾಗ ಒಮ್ಮೆ, ಖಾಲಿ ಇದ್ದಾಗ ಒಮ್ಮೆ ಅಳೆಯಿರಿ. ಭಾರ ಕಡಿಮೆಯಾದಂತೆ ಅದು 800ರ ಕಡೆಗೆ ಏರುತ್ತದೆ, ಆದ್ದರಿಂದ ಫಸಲು ಮಾರಿದ ಮೇಲೆ ನಡುಕ ಜಾಸ್ತಿ ಕಾಣಬಹುದು.

ತೊಲೆ ಗೋಡೆಗೆ ಸೇರುವ ಕಡೆ ಬಿರುಕಿದ್ದರೆ ಅದರ ತುದಿಗಳಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ದಿನಾಂಕ ಬರೆಯಿರಿ. ಬಿರುಕು ಗೆರೆ ದಾಟಿತೋ, ಹಲ್ಲರ್ ನಿಲ್ಲಿಸಿ ಸ್ಟ್ರಕ್ಚರಲ್ ಇಂಜಿನಿಯರ್‌ಗೆ ತೋರಿಸಿ. ಕೆಳಗೆ ಜಾಗ ಇದ್ದರೆ ಯಂತ್ರವನ್ನು ನೆಲಕ್ಕೇ ಇಳಿಸಿಬಿಡುವುದೂ ಅಗ್ಗವಾಗಬಹುದು.