ಟೀಪಾಟ್‌ನ ತಳದಲ್ಲಿರುವ ಜಾತಕ

ಪ್ರಶ್ನೆ: ನಮ್ಮ ತಾತ ಸಕಲೇಶಪುರದ ಬಳಿ ಇಂಗ್ಲಿಷ್ ದೊರೆಯೊಬ್ಬರ ಕಾಫಿ ತೋಟದಲ್ಲಿ ರೈಟರಾಗಿದ್ದರು. ದೊರೆ ತೋಟ ಬಿಟ್ಟು ಹೋಗುವಾಗ ಕೊಟ್ಟ ಬೆಳ್ಳಿಯ ಟೀಪಾಟ್ ನಮ್ಮ ಮನೆಯಲ್ಲಿದೆ. ಮೊಟ್ಟೆಯಾಕಾರ, ಚಪ್ಪಟೆ ತಳ, ಕಪ್ಪು ಮರದ ಹಿಡಿ. ತಳದಲ್ಲಿ ಸಿಂಹ, ಕಿರೀಟವಿರುವ ಪ್ರಾಣಿಯ ಮುಖ, ಇಂಗ್ಲಿಷಿನ ಸಣ್ಣ ‘ಎಂ’, ಬಲಕ್ಕೆ ನೋಡುವ ಮನುಷ್ಯನ ತಲೆ, ಕೂಡುಬರಹದ ‘ಎಚ್‌ಬಿ’ ಇವೆ. ಪಾಲಿಶ್ ಮಾಡಿಸಿ ತೂಕಕ್ಕೆ ಹಾಕಿ ಎಂದು ಅಂಗಡಿಯವರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ದಯವಿಟ್ಟು ಎರಡನ್ನೂ ಮಾಡಬೇಡಿ. ನೀವು ಬರೆದಿರುವ ಐದು ಗುರುತುಗಳೇ ಆ ಪಾತ್ರೆಯ ಜಾತಕ.

ಹೆಜ್ಜೆ ಹಾಕುವ ಸಿಂಹವೆಂದರೆ ನೂರಕ್ಕೆ 92.5 ಪಾಲು ಬೆಳ್ಳಿ. ಆ ಪ್ರಾಣಿ ಚಿರತೆ, ಲಂಡನ್ನಿನಲ್ಲಿ ಪರೀಕ್ಷೆಯಾದದ್ದಕ್ಕೆ ಗುರುತು. 1821ರಲ್ಲಿ ಅದರ ಕಿರೀಟ ಹೋಯಿತು, ನಿಮ್ಮದು ಅದಕ್ಕೂ ಹಿಂದಿನದು. ತಲೆ ಇಂಗ್ಲೆಂಡಿನ ರಾಜ ಮೂರನೆಯ ಜಾರ್ಜನದು, ಸುಂಕ ಕಟ್ಟಿದ ಮುದ್ರೆ. 1784ರ ಕೊನೆಗೆ ಅದು ಬಂದಾಗ ಎಡಕ್ಕೆ ನೋಡುತ್ತಿತ್ತು, 1786ರಿಂದ ಬಲಕ್ಕೆ ತಿರುಗಿತು. ವರ್ಷಕ್ಕೊಂದು ಅಕ್ಷರ ಒತ್ತುತ್ತಿದ್ದ ಆ ಕಾಲದ ಲಂಡನ್ ಸಾಲಿನಲ್ಲಿ ಸಣ್ಣ ‘ಎಂ’ 1787ರ ಅಕ್ಷರ. ನಾಲ್ಕೂ ಒಂದಕ್ಕೊಂದು ತಾಳೆಯಾಗುತ್ತವೆ.

‘ಎಚ್‌ಬಿ’ ಓದಿ ನನಗೆ ನಿಜಕ್ಕೂ ಸಂತೋಷವಾಯಿತು. ಅದು ಹೆಸ್ಟರ್ ಬೇಟ್‌ಮನ್ ಎಂಬ ಬೆಳ್ಳಿ ಕೆಲಸಗಾರ್ತಿಯ ಗುರುತು. 1760ರಲ್ಲಿ ಗಂಡ ತೀರಿಕೊಂಡ ಮೇಲೆ, ಐವತ್ತು ದಾಟಿದ ಈ ವಿಧವೆ ಲಂಡನ್ನಿನ ಬನ್‌ಹಿಲ್ ರೋನ ಕಾರ್ಖಾನೆಯನ್ನು ತಾನೇ ವಹಿಸಿಕೊಂಡಳು. 1761ರಲ್ಲಿ ತನ್ನ ಗುರುತು ನೋಂದಾಯಿಸಿದಳು. ಓದುಬರಹ ಬಾರದ ಹೆಂಗಸಿನ ಎರಡು ಅಕ್ಷರಗಳನ್ನು ಇಂದಿಗೂ ಬೆಳ್ಳಿಪ್ರಿಯರು ಹುಡುಕಿಕೊಂಡು ಹೋಗುತ್ತಾರೆ. 1790ರಲ್ಲಿ ಆಕೆ ಕೆಲಸ ಬಿಟ್ಟಾಗ ಮಕ್ಕಳು, ಆಮೇಲೆ ಸೊಸೆ ಆ್ಯನ್ ಕೂಡ ಮುಂದುವರಿಸಿದರು. ತೆಳುವಾದ ಬೆಳ್ಳಿ ತಗಡನ್ನು ಬಾಗಿಸಿ ಬೆಸೆದ ನೇರ ಒಡಲು, ಅಂಚಿಗೆ ಸಣ್ಣ ಮಣಿಗಳ ಸಾಲು: ಇದು ಅವರ ಮನೆಯ ಕೈ.

ಆದರೆ ಹೆಸರು ದೊಡ್ಡದಾದಲ್ಲಿ ನಕಲೂ ಇರುತ್ತದೆ. ತಳದ ಮೇಲೆ ಬಾಯಿಂದ ಹಬೆಯೂದಿ ನೋಡಿ. ಗುರುತುಗಳ ಸುತ್ತ ಬೆಸುಗೆಯ ಗೆರೆ ಚೌಕವಾಗಿ ಮೂಡಿದರೆ, ಬೇರೊಂದು ಪಾತ್ರೆಯಿಂದ ಕತ್ತರಿಸಿ ಕೂರಿಸಿದ್ದೆಂದು ಅನುಮಾನಿಸಬೇಕು. ಹಿಡಿಯ ಹಿಂದಿನ ನೇರ ಬೆಸುಗೆಗೆ ಹೆದರಬೇಡಿ, ಅದು ಇರಬೇಕಾದದ್ದೇ. ಮುಚ್ಚಳದಲ್ಲೂ ಸಾಮಾನ್ಯವಾಗಿ ಸಿಂಹ ಮತ್ತು ‘ಎಚ್‌ಬಿ’ ಇರುತ್ತವೆ.

ಇನ್ನು ಪಾಲಿಶ್. ಒಡಲ ಮೇಲೆ ಹೂಬಳ್ಳಿ ಕೆತ್ತನೆಯಿದ್ದರೆ ಕಿಟಕಿಯ ಬೆಳಕಿನಲ್ಲಿ ಮೆಲ್ಲನೆ ಓರೆಮಾಡಿ ನೋಡಿ. ಉಳಿಯನ್ನು ಓರೆಯಾಗಿ ಹಿಡಿದು ಕಡಿದ ಒಂದೊಂದು ಗೀರೂ ವಜ್ರದ ಮುಖದಂತೆ ಬೇರೆ ಬೇರೆಯಾಗಿ ಹೊಳೆಯುತ್ತದೆ. ತಿರುಗುವ ಯಂತ್ರಕ್ಕೆ ಒಮ್ಮೆ ಒಡ್ಡಿದರೆ ಆ ಅಂಚು ಸವೆದು ಮೊಂಡಾಗುತ್ತದೆ, ಮತ್ತೆ ಬರುವುದಿಲ್ಲ. ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ಯಾವುದೂ ಬೇಡ. ಉಗುರುಬೆಚ್ಚಗಿನ ಸೋಪುನೀರಿನಲ್ಲಿ ಮೆತ್ತನೆಯ ಬಟ್ಟೆ ಅದ್ದಿ ಒರೆಸಿ, ಕೂಡಲೇ ಒಣಗಿಸಿ. ಬೆಳ್ಳಿ ಬೇಗ ಬಿಸಿಯಾಗುತ್ತದೆಂದೇ ಮರದ ಹಿಡಿ ಇಟ್ಟಿದ್ದಾರೆ; ಅದನ್ನು ನೀರಿನಲ್ಲಿ ಮುಳುಗಿಸಬೇಡಿ. ಹತ್ತಿಬಟ್ಟೆಯಲ್ಲಿ ಸುತ್ತಿಡಿ, ರಬ್ಬರ್ ಬ್ಯಾಂಡ್ ಮಾತ್ರ ಹಾಕಬೇಡಿ. ರಬ್ಬರಿನ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ.

ಹಾಗೆಯೇ ಮನೆಯಲ್ಲೆಲ್ಲಾದರೂ ನಾಲ್ಕು ಗಿಡ್ಡ ಕಾಲಿನ ಮೊಟ್ಟೆಯಾಕಾರದ ಬೆಳ್ಳಿ ತಟ್ಟೆ ಇದೆಯೇ ಹುಡುಕಿ. ಚಪ್ಪಟೆ ತಳದ ಬಿಸಿ ಮೇಜನ್ನು ಸುಡದಿರಲೆಂದು ಇಂಥ ಟೀಪಾಟ್‌ಗಳಿಗೆ ಅಂಥದೊಂದು ಜೊತೆ ಮಾಡುತ್ತಿದ್ದರು. ಸಿಕ್ಕರೆ ಅದರ ಅಡಿಯಲ್ಲೂ ‘ಎಂ’ ಇದೆಯೇ ನೋಡಿ.