ಪ್ರವಾಸಿಗರು ಬರಲಿ, ಲಗಾಮು ಊರಿನವರ ಕೈಲಿರಲಿ

ಪ್ರಶ್ನೆ: ನಮ್ಮದು ಕಾಡಂಚಿನ ಸಣ್ಣ ಊರು. ಹೊರಗಿನವರೊಬ್ಬರು ಜಮೀನು ಗುತ್ತಿಗೆಗೆ ಪಡೆದು ರೆಸಾರ್ಟ್ ಕಟ್ಟುತ್ತೇವೆ, ಊರಿನ ಹುಡುಗರಿಗೆಲ್ಲ ಕೆಲಸ ಕೊಡುತ್ತೇವೆ ಅನ್ನುತ್ತಿದ್ದಾರೆ. ಊರು ಎರಡು ಹೋಳಾಗಿದೆ. ಒಪ್ಪುವುದೋ, ಬಿಡುವುದೋ?

ಉತ್ತರ: ಮೊದಲು ಕೇಳಬೇಕಾದದ್ದು, ಯಾವ ಕೆಲಸ? ಗೇಟು ಕಾಯುವುದು, ಕೋಣೆ ಗುಡಿಸುವುದು ಮಾತ್ರವೋ, ಐದು ವರ್ಷ ಕಳೆದ ಮೇಲೆ ನಿಮ್ಮೂರಿನ ಹುಡುಗಿಯೊಬ್ಬಳು ಅಲ್ಲಿ ಮ್ಯಾನೇಜರ್ ಆಗುವ ದಾರಿಯೂ ಉಂಟೋ? ಇದು ಬಾಯಿಮಾತಿನಲ್ಲಿ ಸಾಲದು, ಕರಾರಿನಲ್ಲಿ ಬರಬೇಕು.

ನಮೀಬಿಯಾದ ಉದಾಹರಣೆ ನಿಮ್ಮ ಎರಡೂ ಪಕ್ಷದವರಿಗೆ ಗೊತ್ತಿರಲಿ. ಅಲ್ಲಿ 1996ರಲ್ಲಿ ಕಾನೂನು ತಿದ್ದಿ, ಊರಿನವರು ಸಂಘ ಕಟ್ಟಿಕೊಂಡರೆ ತಮ್ಮ ನೆಲದ ವನ್ಯಜೀವಿ ಮತ್ತು ಪ್ರವಾಸೋದ್ಯಮದಿಂದ ಬರುವ ಆದಾಯದ ಹಕ್ಕು ಅವರಿಗೇ ಎಂದು ಮಾಡಿದರು. ಸಂಘ ನೋಂದಣಿಯಾಗಬೇಕಾದರೆ ಎಲ್ಲೆ ಗುರುತಾಗಿರಬೇಕು, ಸದಸ್ಯರ ಪಟ್ಟಿ ಇರಬೇಕು, ಬಂದ ಹಣವನ್ನು ಹೇಗೆ ಹಂಚುತ್ತೇವೆ ಎಂದು ಮೊದಲೇ ಬರೆದಿರಬೇಕು. 1998ರಲ್ಲಿ ನಾಲ್ಕು ಸಂಘ ನೋಂದಣಿಯಾದವು, ಈಗ 80 ದಾಟಿವೆ. ಮೊದಲ ನಾಲ್ಕರಲ್ಲಿ ಒಂದಾದ ಟೋರಾದಲ್ಲಿ ಹೊರಗಿನ ಕಂಪನಿಯೊಂದು ಡಮಾರಾಲ್ಯಾಂಡ್ ಕ್ಯಾಂಪ್ ಎಂಬ ಪ್ರವಾಸಿ ವಸತಿ ನಡೆಸಿತು. ಊರಿನ ಸಂಘಕ್ಕೆ ಆದಾಯದಲ್ಲಿ ಪಾಲು ಸಿಕ್ಕಿತು, ಸ್ಥಳೀಯರೇ ಮುಂದೆ ಅದರ ಮ್ಯಾನೇಜರ್ ಕುರ್ಚಿಯಲ್ಲಿ ಕೂತರು. ಹೊರಗಿನವರು ಬಂದದ್ದರಿಂದ ಅಲ್ಲಿ ತೊಂದರೆಯಾಗಲಿಲ್ಲ, ಏಕೆಂದರೆ ಅವರು ಬರುವಾಗ ಎದುರು ಕೂತು ಮಾತಾಡಲು ಒಂದು ಸಂಘವಿತ್ತು. ನೀವೂ ಮೊದಲು ಸಂಘ ಮಾಡಿಕೊಳ್ಳಿ. ಒಬ್ಬೊಬ್ಬರೇ ಸಹಿ ಹಾಕಬೇಡಿ.

ಕರಾರಿನ ಬಗ್ಗೆ ಇನ್ನೊಂದು ಮಾತು, ದಯವಿಟ್ಟು ಗಮನಿಸಿ. ಪಾಲು ಕೇಳುವಾಗ ಲಾಭದಲ್ಲಿ ಕೇಳಬೇಡಿ, ಒಟ್ಟು ವಹಿವಾಟಿನಲ್ಲಿ ಕೇಳಿ. ಸಾಲದ ಬಡ್ಡಿ, ಜಾಹೀರಾತು, ನಿರ್ವಹಣೆ ಎಂದು ಖರ್ಚು ತೋರಿಸುತ್ತಾ ಹೋದರೆ ಲಾಭದ ಕಾಲಂನಲ್ಲಿ ಹತ್ತು ವರ್ಷವಾದರೂ ಸೊನ್ನೆಯೇ ಉಳಿಯಬಹುದು. ವಹಿವಾಟನ್ನು ಹಾಗೆ ಬಚ್ಚಿಡುವುದು ಕಷ್ಟ. ಬೋರ್‌ವೆಲ್ ಎಷ್ಟು, ಬೇಸಿಗೆಯಲ್ಲಿ ಎಷ್ಟು ನೀರು ಎತ್ತಬಹುದು, ಕೊಳಚೆ ಎಲ್ಲಿಗೆ ಹೋಗುತ್ತದೆ, ಗುತ್ತಿಗೆ ಮುಗಿದ ಮೇಲೆ ಕಟ್ಟಡ ಯಾರದ್ದು, ಇವೂ ಬರಹದಲ್ಲಿರಲಿ. ಬೇಸಾಯವನ್ನಂತೂ ಕೈಬಿಡಬೇಡಿ. 2020ರಲ್ಲಿ ಕೋವಿಡ್ ಬಂದು ಪ್ರವಾಸ ನಿಂತಾಗ, ಅದೊಂದನ್ನೇ ನಂಬಿ ಕೂತಿದ್ದ ಊರುಗಳು ಜಗತ್ತಿನಾದ್ಯಂತ ಪಟ್ಟ ಪಾಡು ಸಣ್ಣದಲ್ಲ.

ಪ್ರಶ್ನೆ: ನಮ್ಮಲ್ಲಿ ಹಲವರು ಹೋಂಸ್ಟೇ ಮಾಡಿದ್ದೇವೆ. ಆದರೆ ಅತಿಥಿಗಳೆಲ್ಲ ರಸ್ತೆ ಬದಿಯ ಒಂದೆರಡು ಮನೆಗೇ ಹೋಗುತ್ತಾರೆ. ಮನಸ್ತಾಪ ಶುರುವಾಗಿದೆ.

ಉತ್ತರ: ಸರದಿ ಇಡಿ. ಲಡಾಖಿನ ಹೆಮಿಸ್ ರಾಷ್ಟ್ರೀಯ ಉದ್ಯಾನದೊಳಗಿನ ರುಂಬಕ್ ಹಳ್ಳಿಯಲ್ಲಿ ಹಾಗೆಯೇ ಮಾಡುತ್ತಾರೆ. ಬಂದ ಅತಿಥಿ ಯಾವ ಮನೆಗೆ ಎನ್ನುವುದನ್ನು ಸರದಿ ತೀರ್ಮಾನಿಸುತ್ತದೆ, ದೊಡ್ಡ ಮನೆ, ಚಿಕ್ಕ ಮನೆ ಎಂಬ ಭೇದವಿಲ್ಲ. ಸಂಪಾದನೆಯ ಒಂದು ಪಾಲು ಊರಿನ ನಿಧಿಗೆ ಹೋಗುತ್ತದೆ. ಅಲ್ಲಿ ಹಿಮಚಿರತೆ ದೊಡ್ಡಿಯೊಳಗೆ ಹಾರಿದರೆ ಒಂದೇ ರಾತ್ರಿಯಲ್ಲಿ ಹಲವು ಕುರಿಗಳನ್ನು ಕೊಂದು ಹಾಕುತ್ತದೆ. ಬೆಳಿಗ್ಗೆ ಅದನ್ನು ಕಂಡ ಮನೆಯವರಿಗೆ ಚಿರತೆಯ ಮೇಲೆ ಪ್ರೀತಿ ಹುಟ್ಟುವುದಾದರೂ ಹೇಗೆ? ಹಿಂದೆ ಸೇಡಿಗೆ ಕೊಲ್ಲುತ್ತಿದ್ದರು. ದೊಡ್ಡಿಗಳ ಮೇಲೆ ತಂತಿಬಲೆ ಹೊದಿಸಿದರು, ಗಟ್ಟಿ ಬಾಗಿಲು ಹಾಕಿಸಿದರು. ಅದೇ ಚಿರತೆಯನ್ನು ನೋಡಲು ಬಂದವರು ಮನೆಯಲ್ಲಿ ಉಳಿದು ಹಣ ಕೊಡತೊಡಗಿದಾಗ ಲೆಕ್ಕಾಚಾರವೇ ಬದಲಾಯಿತು. ಹೋಂಸ್ಟೇ ನೋಡಿಕೊಳ್ಳುವವರು ಹೆಚ್ಚಾಗಿ ಹೆಂಗಸರಾದ್ದರಿಂದ ಹಣವೂ ಅವರ ಕೈಗೇ ಬರುತ್ತದೆ. ನನ್ನ ಮಟ್ಟಿಗೆ ಇದು ಬಹಳ ದೊಡ್ಡ ವಿಷಯ.

ಪ್ರಶ್ನೆ: ಜಾಗ ಹಾಳಾದ ಮೇಲೆ ಬಾಗಿಲು ಹಾಕಿದರೆ ಪ್ರಯೋಜನವುಂಟೇ?

ಉತ್ತರ: ಉಂಟು. ಥಾಯ್ಲೆಂಡಿನ ಮಾಯಾ ಬೇ ಕಡಲತೀರಕ್ಕೆ ದಿನಕ್ಕೆ ಸಾವಿರಾರು ಜನ ನುಗ್ಗಿ, ದೋಣಿಗಳ ಲಂಗರಿಗೆ ಸಿಕ್ಕಿ ಹವಳ ನಾಶವಾಯಿತು. 2018ರಲ್ಲಿ ಮುಚ್ಚಿ 2022ರಲ್ಲಿ ತೆರೆದರು. ಮುಚ್ಚಿದ್ದ ಕಾಲದಲ್ಲಿ ಕಪ್ಪುತುದಿ ರೆಕ್ಕೆಯ ಶಾರ್ಕ್‌ಗಳು ಮರಳಿದವು. ಈಗ ದೋಣಿಗಳು ಕೊಲ್ಲಿಯೊಳಗೆ ಬರುವಂತಿಲ್ಲ, ಹಿಂಬದಿಯಲ್ಲಿ ಇಳಿದು ನಡೆದು ಬರಬೇಕು.

ಆದರೆ ಮುಚ್ಚುವಾಗ ದುಡಿಯುವವರ ಹೊಟ್ಟೆಯ ಪ್ರಶ್ನೆ ಇರುತ್ತದೆ. ಫಿಲಿಪ್ಪೀನ್ಸಿನ ಬೊರಾಕಾಯ್ ದ್ವೀಪವನ್ನು, ಸಮುದ್ರಕ್ಕೆ ಕೊಳಚೆ ಹರಿಯುತ್ತಿದೆ ಎಂಬ ಕಾರಣಕ್ಕೆ, 2018ರಲ್ಲಿ ಆರು ತಿಂಗಳು ಮುಚ್ಚಿದಾಗ ಸಾವಿರಾರು ಕಾರ್ಮಿಕರ ಕೆಲಸ ನಿಂತಿತು. ಕೊಳಚೆ ಬಿಟ್ಟವರು ಹೋಟೆಲಿನವರಾದರೂ ಕೂಲಿ ಕಳೆದುಕೊಂಡವರು ಪಾತ್ರೆ ತೊಳೆಯುವವರು, ದೋಣಿಯವರು. ಇದು ನ್ಯಾಯವಲ್ಲ. ಪ್ರವಾಸಿಗರಿಂದ ಶುಲ್ಕ ಪಡೆಯುವ ಕಡೆಯೆಲ್ಲ ಇಂಥ ದಿನಕ್ಕೆಂದು ಒಂದು ಭಾಗ ತೆಗೆದಿಡಬೇಕು.

ಪ್ರಶ್ನೆ: ನನ್ನ ತಾಯಿ ಗಾಲಿಕುರ್ಚಿಯಲ್ಲಿದ್ದಾರೆ. ಪ್ರಕೃತಿ ತಾಣಗಳಲ್ಲಿ ಉಳಿಯಲು ಕೋಣೆ ಕೇಳಿದರೆ ‘ಎಲ್ಲ ಅನುಕೂಲ ಇದೆ’ ಅನ್ನುತ್ತಾರೆ. ಹೋಗಿ ನೋಡಿದರೆ ಮೂರು ಮೆಟ್ಟಿಲು.

ಉತ್ತರ: ‘ಅನುಕೂಲ ಇದೆಯೇ’ ಎಂದು ಕೇಳಬೇಡಿ, ಅಳತೆ ಕೇಳಿ. ಇಳಿಜಾರು ದಾರಿ ಒಂದು ಅಡಿ ಏರಲು ಕನಿಷ್ಠ 12 ಅಡಿ ಉದ್ದವಿರಬೇಕು. ಬಾಗಿಲು 90 ಸೆಂಟಿಮೀಟರ್ ತೆರೆದರೆ ಒಳ್ಳೆಯದು. ಬಚ್ಚಲಿನ ಬಾಗಿಲನ್ನು ಮರೆಯಬೇಡಿ, ಹೆಚ್ಚಿನ ಕಡೆ ತೊಡಕಾಗುವುದು ಅಲ್ಲೇ. ಬಾಗಿಲಿಗೆ ಅಳತೆ ಟೇಪು ಹಿಡಿದು ತೆಗೆದ ಫೋಟೊ ಕಳಿಸಲು ಹೇಳಿ. ಕಳಿಸಿದ ಮೇಲಷ್ಟೇ ಮುಂಗಡ ಕೊಡಿ.