ನಾಲ್ಕು ತಿಂಗಳಾಯ್ತು, ಇನ್ನೂ ಅಳು ಬರುತ್ತೆ ಅಂದ ತಂಗಿಗೆ

ನಿನ್ನ ಮೆಸೇಜನ್ನ ಮೊನ್ನೆ ಡ್ಯೂಟಿ ಮುಗಿಸಿ ಬರುವಾಗ ಬಸ್ಸಿನಲ್ಲಿ ಓದಿದೆ. ಇಂಗ್ಲೆಂಡಿನಲ್ಲಿ ನರ್ಸ್ ಆಗೋಕೆ ಬೇಕಾದ ಓಸ್ಕಿ ಅನ್ನೋ ಪ್ರಾಯೋಗಿಕ ಪರೀಕ್ಷೆ ಪಾಸಾಯ್ತು, ಇಲ್ಲಿನ ನರ್ಸಿಂಗ್ ಮಂಡಳಿ ಎನ್‌ಎಂಸಿಯಿಂದ ನೋಂದಣಿ ಸಂಖ್ಯೆ, ಅಂದರೆ ಪಿನ್, ಬಂತು, ವಯಸ್ಸಾದವರ ವಾರ್ಡಿಗೆ ಹಾಕಿ ನಾಲ್ಕು ತಿಂಗಳಾಯ್ತು ಅಂತ ಬರೆದಿದ್ದೀಯ. ಊರಿಗೆ ಫೋನ್ ಮಾಡಿದರೆ "ಪುಣ್ಯದ ಕೆಲಸ ಮಾಡ್ತಿದ್ದೀಯಮ್ಮ" ಅಂತಾರೆ, ನನಗೆ ನೋಡಿದರೆ ದಿನಾ ಏನೋ ತಪ್ಪು ಮಾಡಿ ಬಂದ ಹಾಗಿರುತ್ತೆ, ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳ್ತೀನಿ, ಇದು ಸರಿಹೋಗುತ್ತಾ ಅಕ್ಕ, ಇಲ್ಲಾ ಈ ಕೆಲಸವೇ ನನಗೆ ಆಗಿಬರಲ್ವಾ ಅಂತ ಕೇಳಿದ್ದೀಯ. ಇದು ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸುವಂಥದ್ದಲ್ಲ. ಅದಕ್ಕೇ ರಜೆ ದಿನ ಕೂತು ಬರೀತಿದ್ದೀನಿ.

ನಾನು ಇಂಗ್ಲೆಂಡಿಗೆ ಬಂದಿದ್ದು 2005ರ ಕೊನೆಗೆ. ಆಗ ಸಿಬಿಟಿ ಅನ್ನೋ ಕಂಪ್ಯೂಟರ್ ಪರೀಕ್ಷೆ, ಓಸ್ಕಿ ಇರಲಿಲ್ಲ, ಅವು ಬಂದಿದ್ದು 2014ರಲ್ಲಿ. ನಮ್ಮನ್ನ ತಿಂಗಳುಗಟ್ಟಲೆ ಇನ್ನೊಬ್ಬ ನರ್ಸಿನ ಕಣ್ಣೆದುರು ಕೆಲಸ ಮಾಡಿಸಿ, ಅವರು ಸಹಿ ಹಾಕಿದ ಮೇಲೆ ಪಿನ್ ಕೊಡ್ತಿದ್ದರು. ಊರಲ್ಲಿ ಐದು ವರ್ಷ "ಸಿಸ್ಟರ್" ಅನ್ನಿಸಿಕೊಂಡವಳು ಇಲ್ಲಿ ಮತ್ತೆ ಬೆಡ್‌ಪ್ಯಾನ್ ಹಿಡಿದೆ. ನಮ್ಮ ಕಡೆ ರೋಗಿಯ ಮೈ ಒರೆಸೋದು, ತಿನ್ನಿಸೋದು, ಬಟ್ಟೆ ಬದಲಾಯಿಸೋದು ಬಹುಪಾಲು ಜೊತೆಗಿದ್ದ ಮನೆಯವರದ್ದು, ನಮ್ಮದು ಇಂಜೆಕ್ಷನ್, ಡ್ರಿಪ್, ಚಾರ್ಟು. ಇಲ್ಲಿ ಎಲ್ಲವೂ ವಾರ್ಡಿನವರದ್ದೇ. ಇದಕ್ಕಾ ನಾನು ಓದಿದ್ದು ಅಂತ ಮೊದಮೊದಲು ತುಂಬಾ ಸಂಕಟ ಪಟ್ಟೆ. ಆಮೇಲೆ ಗೊತ್ತಾಯ್ತು, ಬೆನ್ನು ಒರೆಸುವಾಗಲೇ ಹುಣ್ಣಾಗುವ ಮುಂಚಿನ ಕೆಂಪು ಕಲೆ ಕಣ್ಣಿಗೆ ಬೀಳೋದು, ತಿನ್ನಿಸುವಾಗಲೇ ತುತ್ತು ಒಂದೇ ಕೆನ್ನೆಯಲ್ಲಿ ಉಳೀತಿದೆ ಅಂತ ತಿಳಿಯೋದು. ಚಾರ್ಟಿಗಿಂತ ಮೊದಲು ಕೈಗೆ ಗೊತ್ತಾಗುತ್ತೆ. ಈ ಒಂದು ಪಾಠಕ್ಕೆ ನಾನು ಈ ದೇಶಕ್ಕೆ ಋಣಿ.

ಈಗ ನಿನ್ನ ಪ್ರಶ್ನೆಗೆ ಬರ್ತೀನಿ. ಈ ಕೆಲಸದಲ್ಲಿ ಎರಡು ಥರದ ದಣಿವಿದೆ. ಹನ್ನೆರಡು ಗಂಟೆ ನಿಂತು, ಎತ್ತಿ, ಹೊರಳಿಸಿ, ಬೈಸಿಕೊಂಡು ಆಗುವ ದಣಿವು ಒಂದು. ಬಿಸಿನೀರು ಹಾಕ್ಕೊಂಡು ಮಲಗಿದರೆ ಅದು ಬೆಳಿಗ್ಗೆ ಹೊತ್ತಿಗೆ ಮುಕ್ಕಾಲು ಹೋಗಿರುತ್ತೆ. ಇನ್ನೊಂದು, ಏನು ಮಾಡಬೇಕು ಅಂತ ಚೆನ್ನಾಗಿ ಗೊತ್ತಿದ್ದೂ ಮಾಡೋಕಾಗದೆ ಮನೆಗೆ ಬಂದಾಗಿನ ದಣಿವು. ಅದು ನಿದ್ದೆಗೆ ಬಗ್ಗಲ್ಲ. ನೀನು ಬರೆದಿದ್ದು ಓದಿದರೆ ನಿನ್ನದು ಎರಡನೆಯದು ಅಂತ ನನಗೆ ಸ್ಪಷ್ಟವಾಗಿ ಕಾಣುತ್ತೆ.

ನನಗೆ ಇದು ಅರ್ಥ ಆಗಿದ್ದು ಒಂದು ಚಳಿಗಾಲದಲ್ಲಿ. ನಾಲ್ವರು ನರ್ಸ್ ಇರಬೇಕಾದ ಕಡೆ ಅವತ್ತು ಇಬ್ಬರೇ. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದ್ದ ಒಬ್ಬ ಅಜ್ಜಿ ಬೆಲ್ ಒತ್ತಿದರು, ಬೆಡ್‌ಪ್ಯಾನ್ ಬೇಕಿತ್ತು. ಅದೇ ಹೊತ್ತಿಗೆ ವಾರ್ಡಿನ ಪಕ್ಕದ ಭಾಗದಲ್ಲಿ ಒಬ್ಬರ ಉಸಿರಾಟ ಏರಿ ಬಿಪಿ ಕುಸೀತಿತ್ತು. "ಎರಡೇ ನಿಮಿಷ" ಅಂತ ಅಜ್ಜಿಗೆ ಹೇಳಿ ಅತ್ತ ಓಡಿದೆ. ಡಾಕ್ಟರನ್ನ ಕರೆಸಿ, ಆಕ್ಸಿಜನ್ ಹಾಕಿ, ಆಂಟಿಬಯೋಟಿಕ್ ಶುರು ಮಾಡಿ, ಅವರನ್ನ ಮೇಲಿನ ಯೂನಿಟ್ಟಿಗೆ ಕಳಿಸಿ ವಾಪಸ್ ಬಂದಾಗ ನಲವತ್ತು ನಿಮಿಷ ಆಗಿತ್ತು. ಅಜ್ಜಿಯ ಹಾಸಿಗೆ ಪೂರ್ತಿ ಒದ್ದೆ. ಅವರು ನನ್ನ ಮೊಣಕೈ ಹಿಡಿದು "ಸಾರಿ ಡಕ್, ತಡ್ಕೊಳ್ಳೋಕೆ ನೋಡಿದೆ" ಅಂದರು. (ಡರ್ಬಿ, ನಾಟಿಂಗ್‌ಹ್ಯಾಮ್ ಕಡೆಯವರು ಪ್ರೀತಿಯಿಂದ ಎಲ್ಲರನ್ನೂ ಡಕ್ ಅಂತಾರೆ. ನಿನ್ನನ್ನೂ ಅಂದಿರಬಹುದು, ಬೇಜಾರು ಮಾಡ್ಕೋಬೇಡ.) ಅವರು ಬೈದಿದ್ದರೆ ನಾನು ಮರೀತಿದ್ದೆ. ಎಂಬತ್ತೇಳು ವರ್ಷದ ಜೀವ, ಕ್ಷಮೆ ಕೇಳಬೇಕಾದವಳು ನಾನು, ಕೇಳಿದ್ದು ಅವರು.

ಅತ್ತ ಓಡಿದ್ದು ಸರಿಯೇ. ಆ ರೋಗಿ ಬದುಕಿದರು. ಇತ್ತ ಅಜ್ಜಿಗೆ ಆಗಿದ್ದು ತಪ್ಪೇ. ಎರಡೂ ನಿಜ, ಒಂದು ಇನ್ನೊಂದನ್ನ ಅಳಿಸಲ್ಲ. ಆ ವಾರ ಪೂರ್ತಿ ನಾನು ಕೆಟ್ಟ ನರ್ಸ್ ಅಂತಲೇ ಅಂದುಕೊಂಡಿದ್ದೆ. ಎಷ್ಟೋ ಕಾಲದ ಮೇಲೆ ಒಂದು ತರಬೇತಿಯಲ್ಲಿ ಮಾರಲ್ ಡಿಸ್ಟ್ರೆಸ್ ಅನ್ನೋ ಮಾತು ಕೇಳಿದೆ. ಆಂಡ್ರೂ ಜೇಮ್ಟನ್ ಅನ್ನೋ ಅಮೆರಿಕದ ತತ್ವಶಾಸ್ತ್ರದ ಮೇಷ್ಟ್ರು 1984ರಲ್ಲಿ ನರ್ಸ್‌ಗಳನ್ನೇ ನೋಡಿ ಇಟ್ಟ ಹೆಸರದು. ಸರಿ ಯಾವುದು ಅಂತ ಗೊತ್ತು, ಆದರೆ ಕೆಲಸ ಮಾಡುವ ಸಂಸ್ಥೆಯ ಕಟ್ಟು, ಕೊರತೆ ಅದನ್ನ ಮಾಡೋಕೆ ಬಿಡಲ್ಲ, ಆಗ ಆಗುವ ಸಂಕಟ. ಹೆಸರು ಕೇಳಿದ್ದಕ್ಕೇ ನನಗೆ ಅರ್ಧ ಭಾರ ಇಳಿದ ಹಾಗಾಯ್ತು. ಇದು ನನ್ನ ಸ್ವಭಾವದ ದೋಷ ಅಲ್ಲ, ಇಬ್ಬರು ನಾಲ್ವರ ಕೆಲಸ ಮಾಡಿದ್ದರ ಫಲ.

ಅದಕ್ಕೇ ನಿನಗೆ ಒತ್ತಿ ಹೇಳ್ತೀನಿ, ಕೊರತೆಯ ಪಾಪವನ್ನ ನಿನ್ನ ತಲೆ ಮೇಲೆ ಹೊತ್ಕೋಬೇಡ, ಬರೆದು ಹಾಕು. ಜನ ಕಡಿಮೆ ಇದ್ದು ಯಾರಿಗಾದರೂ ತೊಂದರೆ ಆದ ದಿನ ಇನ್ಸಿಡೆಂಟ್ ಫಾರ್ಮ್ ತುಂಬಿಸಿಯೇ ಮನೆಗೆ ಹೋಗು. ಎಷ್ಟು ಜನ ಇರಬೇಕಿತ್ತು, ಎಷ್ಟು ಇದ್ದರು, ಎಷ್ಟು ಹೊತ್ತಿಗೆ ಏನಾಯ್ತು ಅಂತ ಬರೆದರೆ ಸಾಕು, ಬೈಗುಳ ಬೇಡ. ವೀಸಾ ಅವರ ಕೈಯಲ್ಲಿದೆ, ಬಾಯಿಬಿಟ್ಟರೆ ಕಷ್ಟ ಅಂತ ನಾವು ಹೊರಗಿನಿಂದ ಬಂದವರು ತುಟಿ ಹೊಲ್ಕೊಂಡು ಇರ್ತೀವಿ, ನಾನೂ ಹಾಗೇ ಇದ್ದೆ. ಆದರೆ ನೋಡಿದ ಅಪಾಯವನ್ನ ಹೇಳಲೇಬೇಕು ಅಂತ ಎನ್‌ಎಂಸಿ ಕೋಡಿನಲ್ಲೇ ಇದೆ. ಸುಮ್ಮನಿದ್ದರೆ ಏನಾಗುತ್ತೆ ಅನ್ನೋದಕ್ಕೆ ಸ್ಟಾಫರ್ಡ್ ಆಸ್ಪತ್ರೆ ಈ ದೇಶದ ದೊಡ್ಡ ಗಾಯ. ಅಲ್ಲಿ ಆರೈಕೆ ಕೆಟ್ಟು ರೋಗಿಗಳು ನರಳಿದ್ದರ ವಿಚಾರಣೆ ನಡೆಸಿದ ರಾಬರ್ಟ್ ಫ್ರಾನ್ಸಿಸ್ ಅವರ 2013ರ ವರದಿಯಲ್ಲಿ ಬರೋದು ಇದೇ ಒದ್ದೆ ಹಾಸಿಗೆ, ಕೈಗೆಟುಕದ ನೀರಿನ ಲೋಟ, ಯಾರೂ ಕೇಳದ ಬೆಲ್ಲು. 2015ರಲ್ಲಿ ಅವರದೇ ಇನ್ನೊಂದು ವರದಿ ಬಂದ ಮೇಲೆ ಪ್ರತಿ ಟ್ರಸ್ಟಿನಲ್ಲೂ, ಅಂದರೆ ಸರ್ಕಾರಿ ಆಸ್ಪತ್ರೆ ನಡೆಸುವ ಪ್ರತಿ ಸಂಸ್ಥೆಯಲ್ಲೂ, ಸಿಬ್ಬಂದಿ ಹೆದರದೆ ಹೇಳ್ಕೊಳ್ಳೋಕೆ ಫ್ರೀಡಂ ಟು ಸ್ಪೀಕ್ ಅಪ್ ಗಾರ್ಡಿಯನ್ ಅಂತ ಒಬ್ಬರನ್ನ ಇಟ್ಟರು. ನಿನ್ನ ಆಸ್ಪತ್ರೆಯಲ್ಲಿ ಅವರು ಯಾರು ಅಂತ ಈ ವಾರವೇ ತಿಳ್ಕೊ. ಯೂನಿಯನ್ನಿಗೂ ಸೇರು.

ಪುಣ್ಯದ ಕೆಲಸ ಅನ್ನೋ ಮಾತಿನ ಬಗ್ಗೆ ನನಗೆ ಬಹಳ ದಿನದ ಒಂದು ನೋವಿದೆ. ಅಮ್ಮ ಅಂದರೆ ಅದು ಹರಕೆ. ಆದರೆ ಸಂಬಳ, ರಜೆ, ಇನ್ನೊಂದು ಜೊತೆ ಕೈ ಕೇಳಿದಾಗ ಅದೇ ಮಾತನ್ನ ಬಾಯಿ ಮುಚ್ಚಿಸೋಕೆ ಬಳಸ್ತಾರೆ, ಇಲ್ಲೂ ಅಷ್ಟೇ, ಅಲ್ಲೂ ಅಷ್ಟೇ. 2020ರ ಮಾರ್ಚ್ 26ರಿಂದ ಹತ್ತು ಗುರುವಾರ, ರಾತ್ರಿ ಎಂಟಕ್ಕೆ ಇಡೀ ದೇಶ ಬಾಗಿಲಿಗೆ ಬಂದು ನಮಗೋಸ್ಕರ ಚಪ್ಪಾಳೆ ತಟ್ಟಿತು. ನನ್ನ ಬೀದಿಯ ಮಕ್ಕಳು ತಟ್ಟೆ ಬಡಿದಾಗ ನಾನು ಅತ್ತಿದ್ದೆ, ಆ ಪ್ರೀತಿ ಸುಳ್ಳಲ್ಲ. ಆದರೆ ಚಪ್ಪಾಳೆಯಿಂದ ರಾತ್ರಿ ಪಾಳಿಗೆ ಒಬ್ಬ ನರ್ಸ್ ಹೆಚ್ಚಾಗಲಿಲ್ಲ. 2022ರ ಡಿಸೆಂಬರ್ 15ರಂದು ನರ್ಸ್‌ಗಳ ಯೂನಿಯನ್ ಆರ್‌ಸಿಎನ್ ಮುಷ್ಕರ ಹೂಡಿದಾಗ ನಾನೂ ಕೊರೆಯುವ ಚಳಿಯಲ್ಲಿ ಗೇಟಿನ ಮುಂದೆ ನಿಂತೆ. ರೋಗಿಗಳನ್ನ ಬಿಟ್ಟು ಹೇಗೆ ನಿಂತ್ರಿ ಅಂತ ಊರಿನವರೊಬ್ಬರು ಕೇಳಿದರು. ಜೀವಕ್ಕೆ ಬೇಕಾದ ವಿಭಾಗಗಳಲ್ಲಿ ಜನರನ್ನ ಉಳಿಸಿಯೇ ಹೊರಗೆ ಬಂದಿದ್ದೆವು. ಆ ಅಜ್ಜಿಗೋಸ್ಕರವೇ ನಾನು ನಿಂತಿದ್ದು ಅಂತ ಅವರಿಗೆ ಹೇಳಿದೆ. ಕಾನೂನುಬದ್ಧ ಮುಷ್ಕರಕ್ಕೆ ಹೋದರೆ ವೀಸಾಕ್ಕೆ ತೊಂದರೆ ಇಲ್ಲ, ಇದು ನಿನಗೆ ಗೊತ್ತಿರಲಿ.

ಇಷ್ಟೆಲ್ಲ ಇದ್ದೂ ಇಪ್ಪತ್ತು ವರ್ಷ ಯಾಕೆ ಉಳಿದೆ ಅಂತ ಕೇಳಿದ್ದೀಯ. ಅದಕ್ಕೂ ಒಬ್ಬರನ್ನೇ ನೆನಪಿಸ್ಕೊಂಡು ಹೇಳ್ತೀನಿ.

ಸ್ಟ್ರೋಕ್ ಆಗಿ ನುಂಗುವ ಶಕ್ತಿ ಹೋಗಿದ್ದ ಒಬ್ಬ ಹಿರಿಯರು. ಮಾತೂ ಹೋಗಿತ್ತು. ಮೂಗಿನ ನಳಿಕೆಯಲ್ಲಿ ಆಹಾರ, ಬಾಯಿಗೆ ಹನಿ ನೀರೂ ಇಲ್ಲ, ಒಂಬತ್ತು ದಿನ. ಆ ಬಾಯಿ ಹೇಗಾಗುತ್ತೆ ಅಂತ ನೀನು ನೋಡಿರ್ತೀಯ: ನಾಲಿಗೆ ಒಣಗಿದ ತೊಗಟೆ ಹಾಗೆ, ತುಟಿ ಸೀಳು, ಅಂಗುಳಿಗೆ ಅಂಟಿದ ಪದರ. ನನ್ನ ಪಾಳಿಯಲ್ಲಿ ಎರಡೆರಡು ಗಂಟೆಗೆ ಮೆತ್ತನೆ ಬ್ರಷ್ ಒದ್ದೆ ಮಾಡಿ ಕೊಡವಿ, ಮೊದಲು ಕೆನ್ನೆ ಒಳಗೆ, ಆಮೇಲೆ ಒಸಡು, ಕೊನೆಗೆ ನಾಲಿಗೆ ಒರೆಸ್ತಿದ್ದೆ. ಬಲವಂತ ಮಾಡಿದರೆ ಕಚ್ಚಿಬಿಡ್ತಿದ್ದರು. ಬ್ರಷ್ ತುಟಿಗೆ ತಾಗಿಸಿ ಕಾದರೆ ತಾವೇ ಬಾಯಿ ಬಿಡ್ತಿದ್ದರು. ಹತ್ತನೇ ದಿನ ಸ್ಪೀಚ್ ಥೆರಪಿಯವರು ಪರೀಕ್ಷೆ ಮಾಡಿ ಸ್ವಲ್ಪ ಗಟ್ಟಿ ಮಾಡಿದ ಪಾನೀಯ (ಅದನ್ನೇ ಲೆವೆಲ್ 2 ಅನ್ನೋದು) ಚಮಚದಲ್ಲಿ ಕೊಡಬಹುದು ಅಂದರು. ಏನು ಬೇಕು ಅಂತ ಚಿತ್ರಗಳ ಹಾಳೆ ತೋರಿಸಿದೆ, ಬೆರಳು ಟೀ ಕಪ್ಪಿನ ಮೇಲೆ ನಿಂತಿತು. ಟೀಗೆ ಪುಡಿ ಬೆರೆಸಿ ಗಟ್ಟಿ ಮಾಡಿ ಅರ್ಧ ಚಮಚ ಕೊಟ್ಟೆ. ಗಂಟಲಿನ ಗಂಟು ಮೇಲೆ ಹೋಗಿ ಕೆಳಗೆ ಬಂತು. ಅವರು ಕಣ್ಣು ಮುಚ್ಚಿದರು. ತೆರೆದು ಚಮಚದ ಕಡೆ ನೋಡಿದರು. ಇಪ್ಪತ್ತು ನಿಮಿಷದಲ್ಲಿ ಕಾಲು ಕಪ್ಪು ಹೋಯ್ತು. ಥ್ಯಾಂಕ್ಸ್ ಹೇಳೋಕೆ ಅವರಿಗೆ ಮಾತೇ ಇರಲಿಲ್ಲ. ಹೇಳಬೇಕು ಅಂತ ನನಗೂ ಅನ್ನಿಸಲಿಲ್ಲ. ಆ ಗಂಟಲು ಏರಿ ಇಳಿದಿದ್ದನ್ನ ನೋಡಿದ್ದು ನಾನೊಬ್ಬಳೇ. ಅದೇ ನನಗೆ ಸಿಕ್ಕಿದ್ದು, ಯಾವ ಥ್ಯಾಂಕ್ ಯೂ ಕಾರ್ಡಿಗಿಂತ ಅದು ದೊಡ್ಡದು ಅಂತ ನಾನು ನಿಜವಾಗಿ ನಂಬಿದ್ದೀನಿ.

ಕೆಲವರು ನಿನ್ನ ಬಣ್ಣ ನೋಡಿ "ನೀನು ಬೇಡ, ಬೇರೆಯವರನ್ನ ಕಳಿಸು" ಅಂತಾರೆ ಅಂದೆಯಲ್ಲ. ಡಿಮೆನ್ಷಿಯಾ ಇರುವವರು ಅಂದರೆ ಬಿಟ್ಟುಬಿಡು, ಅದು ರೋಗದ ಮಾತು. ಬುದ್ಧಿ ನೆಟ್ಟಗಿರುವವರು ಅಂದರೆ ಸಹಿಸಬೇಕಾಗಿಲ್ಲ, ಇಂಚಾರ್ಜಿಗೆ ಹೇಳು, ದಾಖಲಾಗಲಿ. ತುರ್ತಲ್ಲದ ಚಿಕಿತ್ಸೆಯನ್ನ ಅಂಥವರಿಗೆ ನಿರಾಕರಿಸುವ ಅಧಿಕಾರ 2020ರ ಏಪ್ರಿಲ್‌ನಿಂದ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ಟ್ರಸ್ಟುಗಳಿಗಿದೆ. ಮತ್ತೆ, ಹೇಳೋಕೆ ಬರಲ್ಲ ಅಂತ ನಿನ್ನ ಹೆಸರನ್ನ ಅವರು ಮೊಟಕು ಮಾಡಿದ್ದಕ್ಕೆ ಒಪ್ಕೊಂಡಿದ್ದೀಯಂತೆ. ಬೇಡ ಮರಿ. ಇಲ್ಲಿನ ಬ್ಯಾಡ್ಜು, "ಹಲೋ ಮೈ ನೇಮ್ ಈಸ್" ಅನ್ನೋದು, ಶುರು ಮಾಡಿದ್ದು ಡಾಕ್ಟರ್ ಕೇಟ್ ಗ್ರೇಂಜರ್. ಅವರೂ ವಯಸ್ಸಾದವರ ಡಾಕ್ಟರೇ. ಕ್ಯಾನ್ಸರ್ ಆಗಿ 2013ರಲ್ಲಿ ತಾವೇ ಆಸ್ಪತ್ರೆ ಹಾಸಿಗೆಯಲ್ಲಿದ್ದಾಗ, ಬಂದುಹೋಗುವ ಎಷ್ಟೋ ಜನ ಹೆಸರೇ ಹೇಳಲ್ಲ ಅನ್ನೋದು ಅವರ ಮನಸ್ಸಿಗೆ ನಾಟಿತು. 2016ರಲ್ಲಿ ತೀರಿಕೊಂಡರು, ಬ್ಯಾಡ್ಜು ಉಳೀತು. ಅದರ ಮೇಲೆ ನಿನ್ನ ಪೂರ್ತಿ ಹೆಸರಿರಲಿ, ನಿಧಾನವಾಗಿ ಹೇಳಿಕೊಡು. ಕಲೀತಾರೆ.

ಒಂದು ವಿಷಯಕ್ಕೆ ಮಾತ್ರ ನನ್ನ ಹತ್ತಿರ ಸಮಾಧಾನ ಇಲ್ಲ, ಇದೆ ಅಂತ ಸುಳ್ಳು ಹೇಳಲ್ಲ. ನಮ್ಮಮ್ಮ ಹಾಸಿಗೆ ಹಿಡಿದ ಮೂರು ತಿಂಗಳು ಅವರ ತಲೆ ಬಾಚಿದ್ದು ಅತ್ತಿಗೆ. ಅದೇ ಮೂರು ತಿಂಗಳು ನಾನು ಇಲ್ಲಿ ಯಾರ್ಯಾರದೋ ತಾಯಂದಿರ ತಲೆ ಬಾಚ್ತಿದ್ದೆ. ಟಿಕೆಟ್ ತಗೊಂಡು ಹೋಗುವಷ್ಟರಲ್ಲಿ ಅಮ್ಮ ಇರಲಿಲ್ಲ. ವಾಪಸ್ ಬಂದು ಮೊದಲ ಪಾಳಿಯಲ್ಲಿ ಬಾಚಣಿಗೆ ಹಿಡಿದಾಗ ಕೈ ನಡುಗಿತು. ಮಂಚದ ಮೇಲಿದ್ದಾಕೆ ಏನೂ ಕೇಳದೆ ನನ್ನ ಕೈ ಮೇಲೆ ಕೈ ಇಟ್ಟು ಸುಮ್ಮನಿದ್ದರು. ನಿನ್ನ ಅಪ್ಪ ಅಮ್ಮನ್ನ ನೋಡೋಕೆ ಸಾಧ್ಯವಾದಾಗಲೆಲ್ಲ ಹೋಗು, ಓವರ್‌ಟೈಮ್ ಆಮೇಲೆ.

ಕೊನೆಗೆ, ನೀನು ನಡುವೆ ಎಲ್ಲೋ ಒಂದು ಸಾಲು ಬರೆದು ದಾಟಿಬಿಟ್ಟಿದ್ದೀಯ. ಸ್ಟ್ರೋಕ್ ಆದ ಅಜ್ಜಿ ದಿನಾ ಬಲಗಡೆ ಅರ್ಧ ಊಟ ಮಾತ್ರ ತಿಂದು ಎಡಗಡೆಯದು ಹಾಗೇ ಬಿಡ್ತಾರೆ, ಎಲ್ಲರೂ ಹಸಿವಿಲ್ಲ ಅಂದುಕೊಂಡಿದ್ದರು, ನೀನು ತಟ್ಟೆಯನ್ನ ಅರ್ಧ ಸುತ್ತು ತಿರುಗಿಸಿದೆ, ಉಳಿದಿದ್ದನ್ನೂ ತಿಂದರು ಅಂತ. ಎಡಗಡೆ ಇರೋದು ಅವರ ಗಮನಕ್ಕೇ ಬರ್ತಿರಲಿಲ್ಲ, ಅದನ್ನ ಕಂಡುಹಿಡಿದವಳು ನೀನು. ನೋಂದಣಿ ಉಳಿಸಿಕೊಳ್ಳೋಕೆ ಮೂರು ವರ್ಷಕ್ಕೊಮ್ಮೆ ಮಾಡುವ ರೀವ್ಯಾಲಿಡೇಷನ್ನಿಗೆ ಐದು ಅನುಭವ ಬರೆದಿಡಬೇಕಲ್ಲ, ಮೊದಲನೆಯದು ಇದೇ ಆಗಲಿ. ಅದಕ್ಕೂ ಮುಂಚೆ ನಾಳೆ ಪಾಳಿಗೆ ಹೋದ ತಕ್ಷಣ ಕೇರ್ ಪ್ಲ್ಯಾನಿನಲ್ಲಿ ಬರಿ, ಪಾಳಿ ಬದಲಾಗುವಾಗ ಹ್ಯಾಂಡೋವರಿನಲ್ಲೂ ಹೇಳು: ಅರ್ಧ ಊಟ ಆದ ಮೇಲೆ ತಟ್ಟೆ ತಿರುಗಿಸಿ ಇಡಬೇಕು, ನೀರಿನ ಲೋಟ ಬಲಗಡೆಗಿರಲಿ. ನಿನಗೆ ರಜೆ ಇರುವ ದಿನವೂ ಅವರು ಪೂರ್ತಿ ಊಟ ಮಾಡಬೇಕು. ಭಾನುವಾರ ಫೋನ್ ಮಾಡ್ತೀನಿ, ಅಜ್ಜಿಯ ತೂಕ ಎಷ್ಟಾಯ್ತು ಅಂತ ನೋಡಿಟ್ಟುಕೊಂಡಿರು.